ವಾರಂಟ್ ಇಲ್ಲದೆ ಫೋನ್ ತಡೆದಿಟ್ಟುಕೊಂಡಿರುವ ಬಗ್ಗೆ

ಅಮೆರಿಕದ ಪೌರರಾಗಿದ್ದೂ, ಬೆಂಗಳೂರಿನಿಂದ ಮರಳಿದಾಗ ಪಾಸ್‌ಕೋಡ್ ಹೇಳಲಿಲ್ಲವೆಂದು ಗಡಿ ತಪಾಸಣೆಯ ಅಧಿಕಾರಿಗಳು ನಿಮ್ಮ ಫೋನನ್ನು ವಾರಂಟ್ ಇಲ್ಲದೆ ಹೇಗೆ ಇಟ್ಟುಕೊಂಡರು ಎಂದು ಕೇಳಿದ್ದೀರಿ. ಬಹುಪಾಲು ಕಾರಣ, ಅಕಾರಣ ಶೋಧ, ಜಪ್ತಿಗಳನ್ನು ತಡೆಯುವ ಅಮೆರಿಕ ಸಂವಿಧಾನದ ನಾಲ್ಕನೇ ತಿದ್ದುಪಡಿಗೆ ನ್ಯಾಯಾಲಯಗಳು ಒಪ್ಪಿಕೊಂಡಿರುವ ಗಡಿ ಶೋಧದ ವಿನಾಯಿತಿ, ಅಂದರೆ ದೇಶದೊಳಗೆ ಬರುವವರ ವಸ್ತುಗಳನ್ನು ವಾರಂಟ್ ಇಲ್ಲದೆ ಶೋಧಿಸಬಹುದೆಂಬ ನಿಯಮ. ಬಂಧಿತನ ಫೋನನ್ನು ಶೋಧಿಸಲು ಪೊಲೀಸರಿಗೆ ಸಾಮಾನ್ಯವಾಗಿ ವಾರಂಟ್ ಬೇಕೆಂದು ಸುಪ್ರೀಂ ಕೋರ್ಟ್ 2014ರ ರೈಲಿ ಪ್ರಕರಣದಲ್ಲಿ ಹೇಳಿತಾದರೂ ಅದು ಗಡಿಯ ಪ್ರಶ್ನೆಯನ್ನು ತೀರ್ಮಾನಿಸಲಿಲ್ಲ. ಮೇಲ್ಮನವಿ ನ್ಯಾಯಾಲಯಗಳಲ್ಲೂ ಒಮ್ಮತವಿಲ್ಲದ ಕಾರಣ, ನೀವು ಎಲ್ಲಿ ಬಂದಿಳಿದಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೊದಲು ಆ ಅಧಿಕಾರಿಗಳು ಕೊಟ್ಟಿರಬೇಕಾದ 6051ಡಿ ರಸೀದಿಯನ್ನು (ತಡೆದಿಟ್ಟ ವಸ್ತುವಿಗೆ ಕೊಡುವ ನಮೂನೆ) ತೆಗೆದು, ಅದರಲ್ಲಿರುವ ಫೋನಿನ ವಿವರವನ್ನು ಡಬ್ಬಿಯ ಮೇಲಿನ ಸರಣಿ ಸಂಖ್ಯೆಯೊಂದಿಗೆ ತಾಳೆ ನೋಡಿ. ನನ್ನ ರಸೀದಿಯಲ್ಲಿ ಒಂದು ಅಂಕಿ ತಪ್ಪಿದ್ದರಿಂದಲೇ ವಾರವೊಂದು ಹಾಳಾಯಿತು. ಬಳಿಕ ಇನ್ನೊಂದು ಸಾಧನದಿಂದ ಇಮೇಲ್ ಮತ್ತು ಬ್ಯಾಂಕಿನ ಗುಪ್ತಪದಗಳನ್ನು ಬದಲಿಸಿ, ಫೋನನ್ನು ಹಿಂದಿರುಗಿಸುವಂತೆ ರಸೀದಿಯ ಪ್ರತಿಯೊಡನೆ ಲಿಖಿತವಾಗಿ ಕೇಳಿ. ವಕೀಲರೊಂದಿಗಿನ ಪತ್ರವ್ಯವಹಾರ ಅದರಲ್ಲಿದ್ದರೆ ಆ ಮಾತನ್ನು ಪತ್ರದಲ್ಲೇ ಸ್ಪಷ್ಟವಾಗಿ ನಮೂದಿಸಿ. ಉತ್ತರ ಬಾರದಿದ್ದರೆ ನಾಗರಿಕ ಹಕ್ಕುಗಳ ವಕೀಲರನ್ನು ಕಾಣಿ.

ಮುಂದಿನ ಪ್ರಯಾಣದಲ್ಲಿ, ಇಳಿದು ತಪಾಸಣೆಯ ಸಾಲಿಗೆ ಹೋಗುವ ಮೊದಲೇ ಫೋನನ್ನು ಪೂರ್ತಿ ಆರಿಸಿಬಿಡಿ. ಹಾಗೆ ಮಾಡಿದರೆ ಬೆರಳಚ್ಚು, ಮುಖಗುರುತು ಯಾವುದರಿಂದಲೂ ತೆರೆಯದೆ ಅದು ಪಾಸ್‌ಕೋಡನ್ನೇ ಕೇಳುತ್ತದೆ. ಹೇಳಲು ನಿರಾಕರಿಸಿದ ಮಾತ್ರಕ್ಕೆ ಪೌರರಿಗೆ ದೇಶಪ್ರವೇಶ ತಪ್ಪುವುದಿಲ್ಲ, ಫೋನ್ ಮಾತ್ರ ಮತ್ತೆ ಅಲ್ಲೇ ಉಳಿಯಬಹುದು. ಆದರೆ ‘ಮರೆತುಹೋಗಿದೆ’ ಎಂದು ಸುಳ್ಳು ಹೇಳಬೇಡಿ; ನಿರಾಕರಣೆ ಅಪರಾಧವಲ್ಲ, ಫೆಡರಲ್ ಅಧಿಕಾರಿಗೆ ತಿಳಿದೂ ಸುಳ್ಳು ಹೇಳುವುದು ಅಪರಾಧವಾಗಬಲ್ಲದು.