ಅಜ್ಜಿಯ ಕಥೆಯಿಂದ ಜಾನಪದ ಅಧ್ಯಯನಕ್ಕೆ

ಪ್ರಶ್ನೆ: ಕಾಡುಗೊಲ್ಲರ ಹಟ್ಟಿಯಲ್ಲಿ ಬೆಳೆದ ನಾನು ಅಜ್ಜಿಯ ಕಥೆಗಳನ್ನು ಬರೆದಿಡುತ್ತಿದ್ದೇನೆ. ಕನ್ನಡ ಎಂ.ಎ. ಓದದೆ ಜಾನಪದ ವಿದ್ವಾಂಸಳಾಗಬಹುದೇ?
– ಓದುಗರೊಬ್ಬರು, ಶಿರಾ

ಉತ್ತರ: ಖಂಡಿತ ಆಗಬಹುದು. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಇಂಗ್ಲಿಷ್ ಸಾಹಿತ್ಯ ಓದಿ, ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗಲೇ ಜನರ ಬಾಯಿಂದ ಕಥೆಗಳನ್ನು ಸಂಗ್ರಹಿಸುತ್ತಿದ್ದರು. 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಅವರು, ಷಿಕಾಗೋದಲ್ಲಿ ಪಾಠ ಹೇಳುತ್ತಲೇ, 1993ರಲ್ಲಿ ತೀರಿಕೊಳ್ಳುವವರೆಗೂ ಆ ಕಥೆಗಳ ನಂಟನ್ನು ಬಿಡಲಿಲ್ಲ. ಹೆಂಗಸರು ಅಡುಗೆಮನೆಯಲ್ಲಿ ಹೇಳುವ ಕಥೆಗಳಿಗೆ ತಮ್ಮದೇ ಆದ ಲೋಕದೃಷ್ಟಿಯಿದೆ ಎಂದು ಅವರು ತೋರಿಸಿಕೊಟ್ಟದ್ದು, ನನ್ನ ಮಟ್ಟಿಗೆ, ಅವರ ಎಲ್ಲ ಪದವಿಗಳಿಗಿಂತ ದೊಡ್ಡದು. ಕ್ರಮಬದ್ಧ ಶಿಕ್ಷಣ ಬೇಕೆನಿಸಿದರೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅದಕ್ಕೂ ಮೊದಲು, ಅಜ್ಜಿಯ ಮಾತನ್ನು ಗ್ರಂಥಭಾಷೆಗೆ ತಿದ್ದದೆ, ಕಥೆ ಅವರಿಗೆ ಯಾರಿಂದ ಬಂತು, ಯಾವ ಹೊತ್ತಿನಲ್ಲಿ ಹೇಳುತ್ತಿದ್ದರು ಎಂಬ ವಿವರಗಳೊಂದಿಗೆ ಈಗಲೇ ಧ್ವನಿಮುದ್ರಿಸಿಕೊಳ್ಳಿ.