ಓದುಗರು ಕೇಳಿದ್ದು: ಬೇಸಿಗೆಯ ರಂಗನತಿಟ್ಟು

ಪ್ರಶ್ನೆ: ಏಪ್ರಿಲ್ ಕೊನೆಯಲ್ಲಿ ರಂಗನತಿಟ್ಟಿಗೆ ಹೋಗಿದ್ದೆವು. ಬಣ್ಣದ ಕೊಕ್ಕರೆಯ ಕಾಲು ಗುಲಾಬಿ ಎಂದು ಓದಿದ್ದೆ. ಅಲ್ಲಿ ಕಂಡದ್ದು ಸುಣ್ಣ ಬಳಿದಂಥ ಬಿಳಿ ಕಾಲು. ಕಾಯಿಲೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಕಾಯಿಲೆಯಲ್ಲ, ಹಿಕ್ಕೆ! ಹಕ್ಕಿಗಳಿಗೆ ಬೆವರುವ ಗ್ರಂಥಿಗಳಿಲ್ಲ. ಬಿಸಿಲೇರಿದಾಗ ಕೊಕ್ಕರೆ ನೀರಾದ ಹಿಕ್ಕೆಯನ್ನು ತನ್ನ ಕಾಲ ಮೇಲೆಯೇ ಹಾಕಿಕೊಳ್ಳುತ್ತದೆ. ಅದು ಆರುವಾಗ ಕಾಲಿನ ರಕ್ತ ತಂಪಾಗುತ್ತದೆ, ಯೂರಿಕ್ ಆಮ್ಲ ಬಿಳಿ ಪದರವಾಗಿ ಉಳಿಯುತ್ತದೆ.

ಮುಂದಿನ ಸಲ ದಡದಲ್ಲಿ ಕುಳಿತು ಒಂದೇ ಗೂಡನ್ನು ಅರ್ಧ ಗಂಟೆ ನೋಡಿ; ಜಾತಿಗಳ ಪಟ್ಟಿ ಆಮೇಲೆ ಬರೆದರಾಯಿತು. ತಾಯಿಯೋ ತಂದೆಯೋ ರೆಕ್ಕೆ ಅರ್ಧ ಬಿಚ್ಚಿ ಮರಿಗಳಿಗೆ ನೆರಳಾಗಿ ನಿಲ್ಲುವುದು ಕಾಣುತ್ತದೆ. ಪಕ್ಕದ ನೀರುಕಾಗೆ ಬಾಯಿ ತೆರೆದು ಗಂಟಲು ಅದುರಿಸುತ್ತಿದ್ದರೆ ಅದು ಹಸಿವಲ್ಲ, ಸೆಕೆ. ಬಾಯ್ಕಳಕ ಕೊಕ್ಕರೆಯನ್ನು ಕೊಕ್ಕಿನ ನಡುವಿನ ಸಂದಿಯಿಂದ ಗುರುತಿಸುತ್ತೇವಲ್ಲ, ಮರಿಗಳಿಗೆ ಆ ಸಂದು ಇರುವುದಿಲ್ಲ. ಹೊಸಬರು ಮೋಸ ಹೋಗುವುದು ಇಲ್ಲೇ.

ಒಂದು ಎಚ್ಚರಿಕೆ. ಹೊಳೆ ರೀವ (ಹಳದಿ ಕೊಕ್ಕು, ಕಪ್ಪು ಟೋಪಿ) ಮಾರ್ಚ್‌ನಿಂದ ಮೇವರೆಗೆ ಬರಿಯ ಬಂಡೆಯ ಮೇಲೆ ಮೊಟ್ಟೆ ಇಡುತ್ತದೆ. ಫೋಟೊಗಾಗಿ ದೋಣಿಯನ್ನು ಬಂಡೆಗೆ ತಾಗಿಸಲು ಹೇಳಬೇಡಿ. ಹಕ್ಕಿ ಎದ್ದು ಹೋದರೆ ಕಾದ ಕಲ್ಲಿನ ಮೇಲೆ ಮೊಟ್ಟೆ ಬೇಗ ಕೆಡುತ್ತದೆ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ತಗ್ಗಿನ ಬಂಡೆಗಳು ಮುಳುಗುವ ಕಷ್ಟ ಅವಕ್ಕೆ ಹೇಗೂ ಇದ್ದೇ ಇದೆ.

ಪ್ರಶ್ನೆ: ದೋಣಿಯಲ್ಲಿ 10×50 ಬೈನಾಕ್ಯುಲರ್ ಹಿಡಿದರೆ ಎಲ್ಲ ಅಲುಗುತ್ತದೆ. ಕೈ ನಡುಕವೇ?
– ಓದುಗರೊಬ್ಬರು, ಹಾಸನ

ಉತ್ತರ: ಹಕ್ಕಿ ಹತ್ತು ಪಟ್ಟು ದೊಡ್ಡದಾದರೆ ಅಲುಗಾಟವೂ ಹತ್ತು ಪಟ್ಟು. ದೋಣಿಗೆ 8×42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು, ಸಾಕು. ಮೊಣಕೈ ಎರಡನ್ನೂ ಎದೆಗೆ ಒತ್ತಿ ಹಿಡಿಯಿರಿ. ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಚಿತ್ರ ಸ್ಪಷ್ಟ ಮಾಡಿಕೊಳ್ಳಿ. ನಂತರ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಉಂಗುರ ಮಾತ್ರ ತಿರುಗಿಸಿ. ಕನ್ನಡಕ ಹಾಕುವವರು ರಬ್ಬರ್ ಅಂಚನ್ನು ಕೆಳಗೆ ಮಡಚಬೇಕು. ಇಲ್ಲದಿದ್ದರೆ ಸುತ್ತಲೂ ಕಪ್ಪು ಕಟ್ಟುತ್ತದೆ.

ಪ್ರಶ್ನೆ: ಮಧ್ಯಾಹ್ನ ಜೊಂಡಿನ ತುದಿಯಲ್ಲಿ ಏರೋಪ್ಲೇನ್ ಚಿಟ್ಟೆಯೊಂದು ಬಾಲ ಆಕಾಶಕ್ಕೆತ್ತಿ, ತಲೆಕೆಳಗಾದಂತೆ ಕೂತಿತ್ತು. ಏಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಬಾಲದ ತುದಿ ನೇರ ಸೂರ್ಯನ ಕಡೆಗಿದ್ದರೆ ಮೈಗೆ ಬೀಳುವ ಬಿಸಿಲು ಕಡಿಮೆ. ಎದುರಾಳಿಯನ್ನು ಹೆದರಿಸಲೂ ಕೆಲವು ಗಂಡುಗಳು ಬಾಲ ಎತ್ತುವುದುಂಟು. ಅಕ್ಕಪಕ್ಕ ಇನ್ನೊಂದು ಗಂಡು ಇಲ್ಲದಿದ್ದರೆ ಬಿಸಿಲೇ ಕಾರಣ ಎನ್ನಬಹುದು. ಅದೇ ಜೊಂಡಿನ ಬಳಿ ಐದು ಗಂಟೆಗೆ ಮತ್ತೆ ಹೋಗಿ ನೋಡಿ, ಬಾಲ ಇಳಿದಿರುತ್ತದೆ.