10 ಅಡಿ ಅಗಲ, 18 ಅಡಿ ಉದ್ದ, 9 ಅಡಿ ಎತ್ತರದ ಕೋಣೆಯಲ್ಲಿ ಗಾಲ್ಫ್ ಸಿಮ್ಯುಲೇಟರ್: ಮೊದಲು ಯಾವ ಲಾಂಚ್ ಮಾನಿಟರ್ ಕೊಳ್ಳಲಿ?

ಲಾಂಚ್ ಮಾನಿಟರ್ ಎಂದರೆ ಹೊಡೆದ ಚೆಂಡಿನ ವೇಗ, ದಿಕ್ಕು ಅಳೆದು ಸ್ಕ್ರೀನಿನಲ್ಲಿ ಆಟ ತೋರಿಸಲು ನೆರವಾಗುವ ಸಾಧನ. ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ನಿಮ್ಮ ಅಳತೆ ನೋಡಿದರೆ ನನಗೆ ಹೆಚ್ಚು ಚಿಂತೆ ಎತ್ತರದ್ದೇ. 9 ಅಡಿ ಹಲವರಿಗೆ ಸಾಲುತ್ತದೆ, ಎತ್ತರದ ಆಳಿಗೆ ಸಾಲದು. ತೊಲೆ, ಫ್ಯಾನು, ದೀಪ, ಇವುಗಳಲ್ಲಿ ಯಾವುದು ಕೆಳಗಿದೆಯೋ ಅಲ್ಲಿಗೆ ಅಳೆಯಿರಿ. ಆಮೇಲೆ, ನಿಂತು ಹೊಡೆಯುವ ಮ್ಯಾಟಿನಷ್ಟೇ ದಪ್ಪದ ಹಲಗೆಯ ಮೇಲೆ ನಿಂತು ಡ್ರೈವರನ್ನು (ಎಲ್ಲಕ್ಕಿಂತ ಉದ್ದದ ಹೊಡೆಯುವ ಕ್ಲಬ್) ನಿಧಾನವಾಗಿ ಬೀಸಿ, ಪಕ್ಕದಿಂದ ಒಬ್ಬರು ನೋಡಲಿ. ಕ್ಲಬ್ಬಿಗೂ ಸೀಲಿಂಗಿಗೂ ನಡುವೆ ಅರ್ಧ ಅಡಿಯಾದರೂ ಉಳಿಯಬೇಕು. ತಗಲದಿದ್ದರೂ ತಗಲೀತೆಂಬ ಅಳುಕಿದ್ದರೆ ಮೈ ತಾನಾಗಿಯೇ ಸ್ವಿಂಗನ್ನು ಮೊಟಕು ಮಾಡುತ್ತದೆ, ಅಭ್ಯಾಸವೇ ಕೆಡುತ್ತದೆ.

ಉದ್ದದ ಲೆಕ್ಕ ಹೀಗೆ: ಎದುರುಗೋಡೆಗೂ ಚೆಂಡು ಬಡಿಯುವ ಸ್ಕ್ರೀನಿಗೂ 1 ಅಡಿ, ಸ್ಕ್ರೀನಿನಿಂದ ಚೆಂಡಿಗೆ 10 ಅಡಿ, ಹಿಂದೆ ಉಳಿಯುವುದು 7. ಚೆಂಡಿನ ಹಿಂದೆ ಇಡುವ ರಾಡಾರ್ ಮಾನಿಟರುಗಳು ಸಾಮಾನ್ಯವಾಗಿ 7–8 ಅಡಿ ಕೇಳುವುದರಿಂದ ಇಲ್ಲಿ ತೀರಾ ಇಕ್ಕಟ್ಟು. ಚೆಂಡಿನ ಪಕ್ಕದಲ್ಲಿ ಕೂರುವ ಕ್ಯಾಮೆರಾ ಮಾದರಿಯೇ ನಿಮಗೆ ಸರಿ. ಅದು ಚೆಂಡು ಕೂತ ಮಟ್ಟದಲ್ಲೇ ಇರಬೇಕು. ಮ್ಯಾಟಿನ ಪಕ್ಕ ಬರಿ ನೆಲದ ಮೇಲಿಟ್ಟರೆ ಅಳತೆ ತಪ್ಪುತ್ತದೆ.

ಅಗಲ 10 ಅಡಿ ಇರುವಾಗ ಚೆಂಡನ್ನು ನಟ್ಟನಡುವೆ ಇಟ್ಟರೆ ನಿಮ್ಮ ಬೆನ್ನ ಹಿಂದಿನ ಪಕ್ಕದ ಗೋಡೆಗೆ ಕ್ಲಬ್ ಬಡಿಯುವ ಅಪಾಯವಿದೆ. ಬಲಗೈ ಆಟಗಾರರಾದರೆ ಚೆಂಡನ್ನು ಬಲಗೋಡೆಯಿಂದ (ಸ್ಕ್ರೀನಿನತ್ತ ಮುಖಮಾಡಿದಾಗ) ಸುಮಾರು 4 ಅಡಿಗೆ ಸರಿಸಿ, ಗುರಿಯನ್ನು ಸಾಫ್ಟ್‌ವೇರಿನಲ್ಲಿ ಹೊಂದಿಸಿಕೊಳ್ಳಿ. ಚೆಂಡು ಅಲ್ಲಿದ್ದರೆ ಎಡಗೈಯವರು ಆಡಲಾರರು, ಅದು ಈಗಲೇ ಗೊತ್ತಿರಲಿ. ಶ್ಯಾಂಕ್ ಆದ, ಅಂದರೆ ಕ್ಲಬ್ಬಿನ ಕೋಲು ಸೇರುವ ಬುಡಕ್ಕೆ ತಗಲಿದ ಚೆಂಡು ಬಲಕ್ಕೇ ಚಿಮ್ಮುವುದರಿಂದ ಆ ಗೋಡೆಗೆ ಬಲೆ ಬೇಕೇ ಬೇಕು.

ಪ್ರೊಜೆಕ್ಟರಿನಲ್ಲೇ ಹೆಚ್ಚು ಜನ ಎಡವುವುದು. ಚಿತ್ರದ ಅಗಲವನ್ನು ಪ್ರೊಜೆಕ್ಟರಿನ ಥ್ರೋ ರೇಶಿಯೊದಿಂದ (ದೂರಕ್ಕೂ ಚಿತ್ರದ ಅಗಲಕ್ಕೂ ಇರುವ ಅನುಪಾತ) ಗುಣಿಸಿದರೆ ಸ್ಕ್ರೀನಿನಿಂದ ಅದು ಇರಬೇಕಾದ ದೂರ ಸಿಗುತ್ತದೆ. 9 ಅಡಿ ಅಗಲದ ಚಿತ್ರಕ್ಕೆ 0.5 ಇದ್ದರೆ 4.5 ಅಡಿ, 0.8 ಇದ್ದರೆ 7.2 ಅಡಿ. ಎರಡನೆಯದು ಚೆಂಡಿನಿಂದ ಮೂರಡಿಯೂ ದೂರವಿಲ್ಲ, ಹೊಡೆದು ಮೇಲೇರುವ ಕ್ಲಬ್ಬಿಗೆ ಸಿಕ್ಕಿಬಿಡುತ್ತದೆ. 1.2 ಆದರೆ 10.8, ಅಂದರೆ ನಿಮ್ಮ ತಲೆಯ ಹತ್ತಿರ, ನೆರಳೂ ಬೀಳುತ್ತದೆ. ಹಾಗಾಗಿ ನನ್ನ ಆಯ್ಕೆ 0.5.

ಸ್ಕ್ರೀನನ್ನು ಡೋಲಿನಂತೆ ಬಿಗಿಯಬೇಡಿ, ಚೆಂಡು ರಭಸದಿಂದ ವಾಪಸು ಬರುತ್ತದೆ. ಎಳೆದರೆ ಹಿಗ್ಗುವ ಹುರಿಯಿಂದ ಕಟ್ಟಿ, ಸ್ಕ್ರೀನ್ ಹಿಡಿದಿರುವ ಚೌಕಟ್ಟಿನ ಪೈಪುಗಳಿಗೆ ಫೋಮ್ ಸುತ್ತಿ. ಕೊಳ್ಳುವ ಮುನ್ನ ಈ ಎಲ್ಲ ಜಾಗಗಳನ್ನೂ ನೆಲದ ಮೇಲೆ ಟೇಪಿನಿಂದ ಗುರುತಿಸಿ, ಪ್ರೊಜೆಕ್ಟರ್ ಬರುವಲ್ಲಿ ರಟ್ಟಿನ ಡಬ್ಬಿ ತೂಗುಹಾಕಿ, ಇನ್ನೊಮ್ಮೆ ಡ್ರೈವರ್ ಬೀಸಿ ನೋಡಿ.